ದುರ್ಗದ ರಸ್ತೆಯಲ್ಲಿ ಚಿರತೆ ರಗ್ಗು

೧೯೯೯ರಲ್ಲಿ ನಾನು ದೇವರಾಯನದುರ್ಗದ ಬುಡದ ಅರಣ್ಯ ಉದ್ಯಾನವೊಂದರಲ್ಲಿ ದಿನಗೂಲಿ ವಾಚರ್ ಆಗಿದ್ದೆ. ವಾಚರ್ ಎಂದರೆ ಕಾವಲುಗಾರ. ನನ್ನ ಮಟ್ಟಿಗೆ, ನೋಡುತ್ತಾ ಕೂರುವವನು. ಬೆಟ್ಟದ ದೇವಸ್ಥಾನಕ್ಕೆ ಹೋಗುವ ಡಾಂಬರು ರಸ್ತೆ ಉದ್ಯಾನದ ನಡುವೆಯೇ ಹಾಯುತ್ತಿತ್ತು. ಪಕ್ಕದಲ್ಲಿ ತಗಡಿನ ಚೌಕಿ, ಅದಕ್ಕೊಂದು ಕಟ್ಟೆ, ಕಟ್ಟೆಯ ಮೇಲೆ ನಾನು. ಶನಿವಾರ, ಭಾನುವಾರ ಭಕ್ತರ ವ್ಯಾನುಗಳು. ಮಿಕ್ಕ ದಿನ ಬರೀ ಗಾಳಿ.

ನಾನು ಗುಬ್ಬಿಯವನು. ಯಾರ ದನಿಯನ್ನೇ ಆಗಲಿ ಬೆಳಗ್ಗೆ ಕೇಳಿದರೆ ಸಂಜೆಯೊಳಗೆ ಅದು ನನ್ನ ಗಂಟಲಲ್ಲಿರುತ್ತಿತ್ತು. ನಿಟ್ಟೂರು ಬಸ್ಸಿನ ಕಂಡಕ್ಟರ್, ಕುಣಿಗಲ್ಲಿನ ಕುದುರೆ, ಅದೇ ಕುಣಿಗಲ್ಲಿನವರಾದ ನಮ್ಮ ಫಾರೆಸ್ಟರ್ ರೇವಣ್ಣನವರ ಕೆಮ್ಮು. ಕೊನೆಯ ಎರಡಕ್ಕೆ ಹೆಚ್ಚು ವ್ಯತ್ಯಾಸವಿರಲಿಲ್ಲ. ನನ್ನದೇ ದನಿ ಯಾವುದೆಂದು ಕೇಳಿದರೆ ಮಾತ್ರ ತಡಕಾಡುತ್ತಿದ್ದೆ. ಮಿಮಿಕ್ರಿಯವನಿಗೆ ಕಾಡಿನ ಕೆಲಸ ಕೊಡುವುದೆಂದರೆ ಅಡುಗೆಯವನನ್ನು ಏಕಾದಶಿಯ ಮನೆಗೆ ಕರೆದ ಹಾಗೆ.

ಕೇಳುವವರೆಂದರೆ ಕೋತಿಗಳು. ಹರಿದ ಕಿವಿಯ ಒಂದು ಹೆಣ್ಣುಕೋತಿ ಮಧ್ಯಾಹ್ನ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತು ನನ್ನ ಕಾರ್ಯಕ್ರಮ ಪೂರ್ತಿ ನೋಡುತ್ತಿತ್ತು. ಅದಕ್ಕೆ ಜಯಮ್ಮ ಎಂದು ನನ್ನ ಸೋದರತ್ತೆಯ ಹೆಸರಿಟ್ಟಿದ್ದೆ. ನಾನೆಷ್ಟು ಕುಣಿದರೂ ಅತ್ತೆ, ಕೋತಿ ಇಬ್ಬರೂ ನಗುತ್ತಿರಲಿಲ್ಲ, ಎದ್ದೂ ಹೋಗುತ್ತಿರಲಿಲ್ಲ. ಆ ವರ್ಷ ಕೋತಿ ಜಯಮ್ಮನ ಹೊಟ್ಟೆಗೆ ಒಂದು ಮರಿ ಅಂಟಿಕೊಂಡಿತ್ತು.

ಒಮ್ಮೆ ಕೋತಿಗಳ ಅಲಾರಂ ಕೂಗನ್ನೂ ಮಾಡಿದ್ದೆ. ಚಿರತೆ ಕಂಡ ಕೋತಿ ಗಂಟಲು ಹರಿಯುವಂತೆ ಕೂಗಿ ಮಿಕ್ಕವನ್ನು ಮರ ಹತ್ತಿಸುತ್ತದೆ. ನಾನು ಕೂಗಿದ್ದೇ ತಡ, ಕಟ್ಟೆ ಖಾಲಿ. ಜಯಮ್ಮ ಮರಳಿ ಬರಲು ವಾರ ಹಿಡಿಯಿತು. ಆ ಐಟಂ ಕೈಬಿಟ್ಟೆ.

ಬೇಸಿಗೆಯಲ್ಲಿ ಜೋರಾಗಿ ಬಂದ ಗಾಡಿಗಳಿಗೆ ಎರಡು ಕೋತಿಗಳು ಸಿಕ್ಕಿ ಸತ್ತವು. ರೇವಣ್ಣನವರು ಓಡಾಡಿ ರಸ್ತೆಗೆ ಹಂಪ್ ಹಾಕಿಸಿದರು. ಗಾಡಿಗಳು ನಿಧಾನವಾದವು, ನಾವಿಬ್ಬರೂ ಬೀಗಿದೆವು. ನಿಧಾನವಾದ ಗಾಡಿಯ ಕಿಟಕಿ ತೆರೆಯುತ್ತದೆ ಎಂಬುದು ನಮಗೆ ಹೊಳೆದಿರಲಿಲ್ಲ. ಬಾಳೆಹಣ್ಣು, ಪುರಿ, ಕಡಲೆಕಾಯಿ ಬೀಳತೊಡಗಿದವು. ದಾಟಲು ಮಾತ್ರ ರಸ್ತೆಗೆ ಇಳಿಯುತ್ತಿದ್ದ ಕೋತಿಗಳು ಹಂಪಿನ ಎರಡೂ ಕಡೆ ಪಂಕ್ತಿ ಕೂತವು. ಮುಂದಿನ ವ್ಯಾನು ನಿಂತರೆ ಹಿಂದಿನವನು ಹಾರನ್ ಹೊಡೆದು ಪಕ್ಕದಿಂದ ನುಗ್ಗುತ್ತಿದ್ದ. ಹಾಗೆ ನುಗ್ಗಿದ ಕಾರಿಗೆ ಸಿಕ್ಕಿ ಗುಂಪಿನ ದೊಡ್ಡ ಗಂಡು ಹಂಪಿನ ಮೇಲೆಯೇ ಸತ್ತಿತು. ಮರುವಾರ ಅದೇ ಜಾಗದಲ್ಲಿ ಜಯಮ್ಮ ಮರಿಯ ಸಮೇತ ಕೈ ಚಾಚಿ ಕೂತಿತ್ತು.

“ಹಾಕ್ಬೇಡಿ ಅಮ್ಮ” ಎಂದರೆ, “ಆಂಜನೇಯಂಗೆ ಹಾಕ್ತಿರೋದು ಕಣಪ್ಪ, ನಿಂಗೂ ಬೇಕಾ?” ಎಂದು ನನಗೂ ಒಂದು ಹಣ್ಣು ಬರುತ್ತಿತ್ತು. ಬೋರ್ಡು ನೆಟ್ಟೆ. ಅದನ್ನು ಓದಲು ಇನ್ನಷ್ಟು ಗಾಡಿಗಳು ನಿಂತವು.

ತುಮಕೂರಿನಿಂದ ಭಕ್ತರನ್ನು ಕರೆತರುತ್ತಿದ್ದ ವ್ಯಾನ್ ಡ್ರೈವರ್ ಶಫಿ ಹೇಳಿದ: “ಏನ್ಲಾ ಗುಬ್ಬಿ, ಇಲ್ಲಿ ಕೋತಿ ಅವೆ ಅಂತ ಜನಕ್ಕೆ ಗೊತ್ತಾಗಿದ್ದೇ ನಿನ್ ಬೋರ್ಡಿಂದ.”

“ಹಂಪ್ ಕೀಳಿಸ್ಬೇಕು ಶಫಿಯಣ್ಣ. ಮೇಲಿಂದ ಆರ್ಡರ್ ಬರಕ್ಕೆ ತಿಂಗ್ಳುಗಟ್ಲೆ ಬೇಕಂತೆ.”

“ಅಷ್ಟ್ರಲ್ಲಿ ನಿಮ್ಮತ್ತೆ ಚಟ್ನಿ ಆಗೋಗ್ತಾಳೆ. ಜನಕ್ಕೆ ಹೇಳಿ ಆಗಲ್ಲ ಬುಡು. ಕೋತಿಗೇ ಹೇಳು.”

ಅವನು ತಮಾಷೆಗೆ ಅಂದ. ಕೋತಿಗಳಿಗೆ ಹೇಳುವಂಥ ಒಂದೇ ಒಂದು ಮಾತು ನನಗೆ ಬರುತ್ತಿತ್ತು. ಆದರೆ ಬರೀ ಕೂಗನ್ನು ದಿನವೂ ನಂಬುವಷ್ಟು ದಡ್ಡ ಪ್ರಾಣಿಗಳಲ್ಲ ಅವು. ಚಿರತೆ ಚುಕ್ಕಿಯ ರಗ್ಗೊಂದನ್ನು ತರಲು ಶಫಿಗೆ ಹೇಳಿದೆ.

“ಚುಕ್ಕೀದೇ ಬೇಕು ಅಂತ ಅಂಗಡಿ ಅಂಗಡಿ ಸುತ್ತಿ ಮಾನ ಹೋಯ್ತು ಕಣೋ” ಎಂದು ತಂದುಕೊಟ್ಟ. “ಮದ್ವೆ ಗಿದ್ವೆ ಫಿಕ್ಸಾಯ್ತೇನ್ಲಾ?”

ಶನಿವಾರ ಬೆಳಗ್ಗೆ ರಗ್ಗು ಹೊದ್ದು ಹಂಪಿನ ಪಕ್ಕದ ಪೊದೆಯಲ್ಲಿ ಅಂಬೆಗಾಲಲ್ಲಿ ಕೂತೆ. ಮೊದಲ ವ್ಯಾನು ನಿಧಾನವಾಯಿತು. ಜಯಮ್ಮ ಕೆಳಗಿಳಿಯಿತು. ನಾನು ಅಲಾರಂ ಕೂಗಿ ಅರ್ಧ ಮೈ ಹೊರಚಾಚಿದೆ. ಕೋತಿಗಳಿಗಿಂತ ಮೊದಲು ವ್ಯಾನಿನ ಅಜ್ಜಿಯೊಬ್ಬರು ಕಿಟಕಿ ಮುಚ್ಚಿದರು. ಆಮೇಲೆ ಒಂದೇ ಉಸಿರಿಗೆ ರಸ್ತೆ ಬರಿದಾಯಿತು. ಮರಿಯನ್ನು ಅವುಚಿಕೊಂಡು ಹುಣಸೆ ಮರಕ್ಕೆ ಹಾರಿದ ಜಯಮ್ಮ ತಿರುಗಿ ನೋಡಿತು. ರಗ್ಗು ತಲೆಯಿಂದ ಜಾರಿತ್ತು. ಅದು ನೋಡಿದ್ದು ನನ್ನ ಮುಖವನ್ನು.

ಆರ್ಡರ್ ಬರುವವರೆಗೆ ಪ್ರತಿ ಶನಿವಾರ, ಭಾನುವಾರ ನಾನು ಚಿರತೆ. ಮಳೆಗಾಲ ಕಳೆದ ಮೇಲೆ ಹಂಪನ್ನು ಕಿತ್ತು, ಉದ್ಯಾನಕ್ಕೂ ಮೊದಲು ಸಿಗುವ ಮರವಿಲ್ಲದ ಬಯಲಿನಲ್ಲಿ ಹಾಕಿದರು. ಕೋತಿಗಳು ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆ ಕೂಡುವ ಕಡೆ ದಾಟತೊಡಗಿದವು. ಆಮೇಲೆ ನಾನಿದ್ದಷ್ಟು ದಿನ ಒಂದೂ ಸಾಯಲಿಲ್ಲ.

“ಗೆದ್ದೆ ಕಣೋ” ಎಂದರು ರೇವಣ್ಣನವರು. “ಮತ್ಯಾಕ್ ಮಖ ಹಿಂಗ್ ಇಟ್ಕೊಂಡಿದೀಯ?”

“ಒಂದೂ ಕೆಳಗ್ ಇಳೀತಿಲ್ಲ ಸಾರ್.”

“ಇಳೀಬಾರ್ದು ಅಂತ ತಾನೆ ಮಾಡಿದ್ದು?”

“ರಸ್ತೆಗೆ ಸಾರ್. ಕಟ್ಟೆಗಲ್ಲ.”

ಅವರು ಕೆಮ್ಮಿದರು. ನಾನು ಅದನ್ನು ಅನುಕರಿಸಲಿಲ್ಲ.

ಒಂದು ಬುಧವಾರ ಮಧ್ಯಾಹ್ನ, ರಗ್ಗಿಲ್ಲದೆ, ಕಟ್ಟೆಯ ಮೇಲೆ ಕೂತು ಸುಮ್ಮನೆ ನಿಟ್ಟೂರು ಕಂಡಕ್ಟರನನ್ನು ಶುರು ಮಾಡಿದೆ. “ರೈಟ್, ರೈಟ್” ಅನ್ನುವಷ್ಟರಲ್ಲಿ ಹುಣಸೆ ಮರದಿಂದ ಅಲಾರಂ ಕೂಗು ಎದ್ದಿತು. ಚಿರತೆ ಬಂತೇನೋ ಎಂದು ಬೆಚ್ಚಿ ಹಿಂದೆ ನೋಡಿದೆ. ಏನೂ ಇರಲಿಲ್ಲ. ಮೇಲೆ ಜಯಮ್ಮ, ನನ್ನನ್ನೇ ನೋಡುತ್ತಾ, ಕೂಗುತ್ತಿತ್ತು. ನಾನು ಮಾಡುತ್ತಿದ್ದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಹೊಟ್ಟೆಯಿಂದ ಬಿಡಿಸಿಕೊಂಡಿದ್ದ ಮರಿ ತಾನೇ ಮರದ ತುದಿಗೆ ಹತ್ತಿತು.

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಾಡಿನ ಪ್ರಾಣಿ ನಮ್ಮನ್ನು ಹಚ್ಚಿಕೊಂಡರೆ, ಮುಂದೆ ಬರುವ ಗಾಡಿಯವನೂ ಅದಕ್ಕೆ ನೆಂಟನೇ. ಆಮೇಲೂ ಎರಡು ವರ್ಷ ನಾನು ಕಟ್ಟೆಯ ಒಂದು ತುದಿಯಲ್ಲೇ ಕೂತು ಬುತ್ತಿ ಉಂಡೆ. ಇನ್ನೊಂದು ತುದಿ ಖಾಲಿ ಇದ್ದಷ್ಟು ದಿನ ಜಯಮ್ಮ ಬದುಕಿದ್ದಾಳೆ ಅಂತ ಅರ್ಥ.