ಎತ್ತಿದ ಕೈ

ಸರೋವರದ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುವ ವಾಲ್ಟ್ರೌಟ್ ಜರ್ಮನಿಯ ನೊಯ್‌ಬ್ರಾಂಡನ್‌ಬುರ್ಗ್‌ನಲ್ಲೇ ಹುಟ್ಟಿದವಳು. ಊರಿನ ನಾಲ್ಕು ಇಟ್ಟಿಗೆಯ ಹೆಬ್ಬಾಗಿಲುಗಳಲ್ಲಿ ಸ್ಟಾರ್ಗಾರ್ಡ್ ಬಾಗಿಲಿನ ಕಡೆ ಮಾತ್ರ ಅವಳು ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅದರ ಮೇಲೆ ಎರಡೂ ಕೈ ಎತ್ತಿ ನಿಂತ ಸುಟ್ಟ ಮಣ್ಣಿನ ಹೆಂಗಸರ ಮೂರ್ತಿಗಳ ಸಾಲಿದೆ. ಪ್ರಾರ್ಥಿಸುತ್ತಿದ್ದಾರಂತೆ. ಊರಿಗೇನು, ಹೇಳುತ್ತದೆ.

ಮಗಳು ಆಂಕೆಯ ಮದುವೆಯ ದಿನ ತಪ್ಪಿಸಿಕೊಳ್ಳಲಾಗಲಿಲ್ಲ. ಆ ಬಾಗಿಲ ಕೆಳಗೇ ಫೋಟೊ ಆಗಬೇಕೆಂದು ಮಗಳ ಹಟ.

"ಹೆಂಗಸ್ರೆಲ್ಲಾ ಮೇಲಿರೋರ ಥರಾನೇ ಕೈ ಎತ್ತಿ," ಎಂದ ಫೋಟೊದವನು.

"ನಮ್ಮಮ್ಮನ್ನ ನೋಡಿ, ಎಲ್ರಿಗಿಂತ ಮುಂಚೆ ಎತ್ತಿಬಿಟ್ಳು," ಎಂದು ಆಂಕೆ ನಕ್ಕಳು.

ಮಹಾಯುದ್ಧದ ಕೊನೆಯಲ್ಲಿ ಊರು ಹೊತ್ತಿ ಉರಿದಾಗ, ಇದೇ ಗೋಡೆಯ ಪಕ್ಕದ ನೆಲಮಾಳಿಗೆಯಿಂದ ವಾಲ್ಟ್ರೌಟ್‌ಳೂ ಅವಳ ಅಕ್ಕನೂ ಹೀಗೇ ಕೈ ಎತ್ತಿಕೊಂಡು ಹೊರಬಂದಿದ್ದರು. ಬಂದೂಕಿನವರು ಅಕ್ಕನನ್ನು ಈ ಬಾಗಿಲಿನಾಚೆ ಎಳೆದೊಯ್ದರು. ಅಕ್ಕ ಮರಳಲಿಲ್ಲ.

ಫೋಟೊ ಮುಗಿಯಿತು. ಎಲ್ಲರೂ ಕೈ ಇಳಿಸಿ, ಕೇಕು ಕಾಫಿ ಎಂದು ಹೊರಟರು. ಆಂಕೆ ತಿರುಗಿ ನೋಡಿದಳು.

"ಆಯ್ತಲ್ಲಮ್ಮಾ, ಇನ್ನೂ ಯಾಕೆ ಹಂಗೇ ನಿಂತಿದೀಯ?"

ವಾಲ್ಟ್ರೌಟ್‌ಳ ಕೈಗಳು ಇನ್ನೂ ಮೇಲೇ ಇದ್ದವು. ಮಗಳ ಮಾತು ಅವಳ ಕಿವಿಗೆ ಬಿದ್ದಂತಿರಲಿಲ್ಲ. ಅವಳು ಫೋಟೊದವನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದಳು:

"ಇಳಿಸ್ಬಹುದಾ, ಸ್ವಾಮಿ?"