ಕಾಲುವೆ ಪಾಲಾದ ಕರಿ ಅಂಗಿ

ನಮ್ಮ ಅಡುಗೆಮನೆಯಲ್ಲಿ ಪೂರ್ವಜನ್ಮವಿಲ್ಲದ ಪಾತ್ರೆ ಒಂದೂ ಇಲ್ಲ. ಒಗ್ಗರಣೆ ಡಬ್ಬಿ ಹಿಂದಿನ ಜನ್ಮದಲ್ಲಿ ನನ್ನ ಮದುವೆಯ ಪ್ಯಾಂಟಾಗಿತ್ತು. ಮೊಸರಿನ ತಂಬಿಗೆ, ನನ್ನ ಹೊಟ್ಟೆ ಇನ್ನೂ ವಿನಯವಂತವಾಗಿದ್ದ ಕಾಲದ ಎರಡು ಸಫಾರಿ. ಹೊಸಪೇಟೆಯ ಓಣಿಗಳಲ್ಲಿ ಬುಟ್ಟಿ ಹೊತ್ತು ಬರುವ ಹುಲಿಗೆಮ್ಮ ಹಳೆಯ ಬಟ್ಟೆ ಇಸಿದುಕೊಂಡು ಹೊಸ ಸ್ಟೀಲು ಕೊಟ್ಟು ಹೋಗುತ್ತಾಳೆ. ಯಾವುದಕ್ಕೂ ಅಳಿವಿಲ್ಲ, ರೂಪಾಂತರ ಮಾತ್ರ ಉಂಟು ಎಂಬ ವೇದಾಂತವನ್ನು ನಾನು ಕಲಿತದ್ದು ಸ್ವಾಮಿಗಳಿಂದಲ್ಲ, ಆಕೆಯಿಂದ.

ಹೀಗಿರುವಾಗ, ಮೊನ್ನೆ ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಥಳಥಳಿಸುವ ಅಗಲವಾದೊಂದು ಬೋಗುಣಿ ಕಂಡು ನಾನು ಸಹಜ ಕುತೂಹಲದಿಂದ ಅದರ ಪೂರ್ವಜನ್ಮ ವಿಚಾರಿಸಿದೆ. ಹೆಂಡತಿ ನಾಗರತ್ನ ಕೊತ್ತಂಬರಿ ಸೋಸುತ್ತಲೇ ಹೇಳಿದಳು: "ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ಹಳೇ ಅಂಗಿ ಇದ್ದುವಲ್ರಿ, ನಿನ್ನೆ ಅವನ್ನ ಕೊಟ್ಟೆ. ಆ ಕರೀದು, ತಲಿಬುರುಡಿ ಚಿತ್ರದ್ದು, ಮನ್ಯಾಗ ಇಡಬಾರದಂತ ಅತ್ತಿಯವರು ಸಾಯೂತನ ಹೇಳಿದ್ರು. ನಿಮಗಂತೂ ಒಂದೂ ಹಿಡಿಸಂಗಿಲ್ಲ."

ಅವತ್ತು ಮಧ್ಯಾಹ್ನ ಹನ್ನೆರಡಕ್ಕೆ ನನ್ನ ಹಳೆಯ ಗೆಳೆಯ ಎರ್ರಿಸ್ವಾಮಿ ಬರುವವನಿದ್ದ, ಮತ್ತು ಆ ಕರಿ ಅಂಗಿಯಲ್ಲಿ ಅರ್ಧ ಪಾಲು ಅವನದಾಗಿತ್ತು.

ಓದುಗರೇ, ನನ್ನ ಗಾಬರಿ ನಿಮಗೆ ಅರ್ಥವಾಗಬೇಕಾದರೆ ನಾನೊಂದು ನಾಚಿಕೆಗೇಡಿನ ವಿಷಯ ಹೇಳಬೇಕು. ಈಗ ಕಾಲೇಜೊಂದರ ಗ್ರಂಥಪಾಲಕನಾಗಿ, ಪಿಸುಮಾತನಾಡಿದವರನ್ನೂ ಕನ್ನಡಕದ ಮೇಲಿಂದ ಸುಡುವ ಈ ನಾನು, ಇಪ್ಪತ್ತರ ಹರೆಯದಲ್ಲಿ ಕಿವಿ ಹರಿಯುವಂಥ ರಾಕ್ ಸಂಗೀತದ ಪರಮಭಕ್ತನಾಗಿದ್ದೆ. ಹೊಸಪೇಟೆಯಿಂದ ಕಂಪ್ಲಿಯವರೆಗಿನ ಸೀಮೆಯಲ್ಲಿ ಆ ಪಂಥಕ್ಕೆ ಇದ್ದ ಅನುಯಾಯಿಗಳು ಇಬ್ಬರೇ: ನಾನು ಮತ್ತು ನನ್ನ ಸಹಪಾಠಿ ಎರ್ರಿಸ್ವಾಮಿ. ನಮ್ಮ ಆರಾಧ್ಯದೈವ ಸಾಗರದಾಚೆಯ, ಉದ್ದಗೂದಲಿನ ನಾಲ್ವರ ಒಂದು ತಂಡ. ಹೆಸರು ಹೇಳಲಾರೆ, ಹೇಳಿದರೆ ನೀವು "ಓ ಅವರಾ" ಎನ್ನುತ್ತೀರಿ, ಇಲ್ಲವೇ "ಯಾರವರು" ಎನ್ನುತ್ತೀರಿ, ಎರಡನ್ನೂ ನನ್ನ ಅಭಿಮಾನ ತಡೆದುಕೊಳ್ಳುವುದಿಲ್ಲ.

ನಮ್ಮ ತೀರ್ಥಕ್ಷೇತ್ರ ಹಂಪಿ. ಉಳಿದವರು ಅಲ್ಲಿ ವಿರೂಪಾಕ್ಷನನ್ನು ಕಾಣಲು ಹೋದರೆ ನಾವು ಸೈಕಲ್ ತುಳಿದು, ತೆಪ್ಪದಲ್ಲಿ ಹೊಳೆ ದಾಟಿ, ಆಚೆ ದಂಡೆಯ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತಿದ್ದ ಬಿಳಿಯರ ದರ್ಶನಕ್ಕೆ ಹೋಗುತ್ತಿದ್ದೆವು. ಅವರಿಗೆ ಬಾಳೆಹಣ್ಣು ಒಯ್ದು ಕೊಟ್ಟು, ಬಂಡೆ ಹತ್ತುವ ದಾರಿ ತೋರಿಸಿ, ಪ್ರತಿಯಾಗಿ ಕ್ಯಾಸೆಟ್ಟು, ಪೋಸ್ಟರು, ಅಂಗಿಗೆ ಚುಚ್ಚುವ ಬಿಲ್ಲೆ, ಯಾವುದೋ ದೇಶದ ಸಂಗೀತ ಕಛೇರಿಯ ಹರಿದ ಟಿಕೆಟ್ಟು, ಹೀಗೆ ಸಿಕ್ಕಿದ್ದನ್ನೆಲ್ಲ ಪ್ರಸಾದವೆಂದು ತರುತ್ತಿದ್ದೆವು. ಒಮ್ಮೆ ಗಿಟಾರು ಮೀಟುವ ಪ್ಲಾಸ್ಟಿಕ್ಕಿನ ಚೂರೊಂದು ಸಿಕ್ಕಿತ್ತು. ಅದನ್ನು ಪೂಜೆಗಿಡುವಷ್ಟು ಭಕ್ತಿಯಿಂದ ಗೂಡಿನಲ್ಲಿಟ್ಟರೆ, ನಮ್ಮವ್ವ ಅದರಿಂದ ಪರಾತಕ್ಕೆ ಅಂಟಿದ ರೊಟ್ಟಿ ಹಿಟ್ಟು ಕೆರೆದು "ಭಾಳ ಚೊಲೊ ಐತಪ, ಇನ್ನೊಂದು ಸಿಕ್ರ ತಾ" ಅಂದಿದ್ದಳು.

ಅಂಗಿ ಸಿಕ್ಕಿದ್ದು ಹೀಗೆ. ಜ್ವರದಿಂದ ನರಳುತ್ತಿದ್ದ ಗಡ್ಡದವನೊಬ್ಬನನ್ನು ನಾವಿಬ್ಬರೂ ಹೊಸಪೇಟೆಯ ಆಸ್ಪತ್ರೆಗೆ ತಂದು ಮಲಗಿಸಿದೆವು. ಗುಣವಾಗಿ ಊರಿಗೆ ಹೊರಟಾಗ ಅವನು ಚೀಲದಿಂದ ತುಂಬುತೋಳಿನ ಕರಿಯ ಬನಿಯನ್ ಬಟ್ಟೆಯ ಅಂಗಿಯೊಂದನ್ನು ತೆಗೆದು ಇಬ್ಬರ ಕೈಗೂ ಒಟ್ಟಿಗೆ ಇಟ್ಟ. ಎದೆಯ ಮೇಲೆ ತಲೆಬುರುಡೆ, ಬೆನ್ನ ಮೇಲೆ ಆ ತಂಡ ಹಾಡಿದ ಊರುಗಳ ಪಟ್ಟಿ. ಮಗ್ಗಿ ಬಾರದ ನಮಗೆ ಆ ಪಟ್ಟಿ ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಬಾಯಿಪಾಠವಾಯಿತು. ಒಂದು ವಾರ ಅವನು, ಒಂದು ವಾರ ನಾನು ತೊಡುವುದು. ತೊಟ್ಟವನು ಭಾನುವಾರ ಕಾಲುವೆಯಲ್ಲಿ ಒಗೆದು ಇನ್ನೊಬ್ಬನಿಗೆ ಒಪ್ಪಿಸುವುದು. ಇದು ನಮ್ಮ ಸಂವಿಧಾನ.

ಆ ಸಂವಿಧಾನವನ್ನು ಮುರಿದವನು ನಾನು. ಕಾಲೇಜಿನ ವಾರ್ಷಿಕೋತ್ಸವ, ಅಂದರೆ ನಮ್ಮ ಗ್ಯಾದರಿಂಗ್, ಅವನ ಪಾಳಿಯ ವಾರದಲ್ಲಿ ಬಂತು. ಆ ದಿನ ಅಂಗಿ ನನ್ನ ಮೈಮೇಲೇ ಇರಬೇಕೆಂಬ ದುರಾಸೆ ಹತ್ತಿತು. ಒಗೆಯುವಾಗ ಕೈಜಾರಿ ಕಾಲುವೆ ಪಾಲಾಯಿತೆಂದು ಸುಳ್ಳು ಹೇಳಿದೆ. ಬರೀ ಹೇಳಲಿಲ್ಲ, ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಅಳು ಎಷ್ಟು ಚೆನ್ನಾಗಿ ಬಂತೆಂದರೆ ಎರ್ರಿಸ್ವಾಮಿಯೇ ನನ್ನ ಬೆನ್ನು ಸವರಿ "ಹೋಗ್ಲಿ ಬಿಡಲೇ, ಅಂಗಿ ಹೋತು, ನೀ ಅದಿಯಲ್ಲ" ಅಂದ. ಆಮೇಲೆ ಹೊಳೆಯಿತು ನನ್ನ ಬುದ್ಧಿಗೆ: ಅವನಿರುವ ಊರಿನಲ್ಲಿ ಆ ಅಂಗಿಯನ್ನು ನಾನು ಎಂದೆಂದಿಗೂ ತೊಡುವಂತಿಲ್ಲ! ಗ್ಯಾದರಿಂಗಿಗೆ ಬಿಳಿ ಅಂಗಿಯಲ್ಲೇ ಹೋದೆ. ಕದ್ದ ಮಾಲು ಟ್ರಂಕಿನ ತಳ ಸೇರಿತು. ಅದೇ ವರ್ಷ ಅವನು ಓದು ಬಿಟ್ಟು ಸಂಡೂರಿನ ಕಡೆಯ ಕಲ್ಲು ಕ್ರಷರಿನಲ್ಲಿ ಕೆಲಸಕ್ಕೆ ಸೇರಿದ. ಇಪ್ಪತ್ತೈದು ವರ್ಷಗಳಲ್ಲಿ ಮದುವೆ ಮುಂಜಿಗಳಲ್ಲಿ ಸಿಕ್ಕಾಗಲೆಲ್ಲ ನಾನು ಊಟದ ಪಂಕ್ತಿಯ ನೆಪದಲ್ಲಿ ಅವನಿಂದ ತಪ್ಪಿಸಿಕೊಳ್ಳುತ್ತಿದ್ದೆ.

ಹೋದ ವಾರ ಅವನ ಫೋನು ಬಂತು. ಇಡೀ ಗ್ರಂಥಾಲಯಕ್ಕೇ ಕೇಳುವಂಥ ದನಿ. "ಬಲಗಿವಿ ಪೂರಾ ಹೋತಲೇ. ಕಲ್ಲು ಒಡ್ಯಾ ಮಿಷನ್ ಸಪ್ಪಳ ತಿಂದುಬಿಡ್ತು. ಎಡದ್ದು ಅರ್ಧ ಐತಿ, ಅದೂ ನಿಲ್ಲಂಗಿಲ್ಲ ಅಂದಾರ ಡಾಕ್ಟ್ರು. ಪೂರಾ ಹೋಗೂದ್ರಾಗ ನಮ್ಮ ಕ್ಯಾಸೆಟ್ ಒಂದ್ಸಲ ಕೇಳಬೇಕು. ನಿನ್ನ ಟೇಪು ನಡಿತೈತಿಲ್ಲ?"

ನಡೆಯುತ್ತದೆ, ಬಾ ಅಂದೆ. ಅವನ ಕಿವಿ ಇರುವಾಗಲೇ ನಿಜ ಹೇಳಿ, ಅಂಗಿಯನ್ನು ಕೈಯಲ್ಲಿಟ್ಟು, ಕ್ಷಮೆ ಕೇಳಬೇಕೆಂದು ನಿಶ್ಚಯಿಸಿದೆ. ವಾರವಿಡೀ ಮಾತುಗಳನ್ನು ಇಸ್ತ್ರಿ ಮಾಡಿದೆ. ಈಗ ಮಾತು ಸಿದ್ಧವಿತ್ತು, ಅಂಗಿ ಇರಲಿಲ್ಲ.

ಉಟ್ಟ ಲುಂಗಿಯಲ್ಲೇ ಗಾಡಿ ಹತ್ತಿದೆ. ರೈಲ್ವೆ ಸ್ಟೇಷನ್ ಹಿಂದಿನ ಓಣಿಯಲ್ಲಿ ಹುಲಿಗೆಮ್ಮನ ಮನೆ. ಆಕೆಯ ಗಂಡ ಹೊರಸಿನ ಮೇಲೆ ಕೂತು, ಅವಸರವೆಂಬುದನ್ನೇ ಅರಿಯದ ಶಾಂತಿಯಿಂದ ಎಲೆಗೆ ಸುಣ್ಣ ಸವರುತ್ತಿದ್ದ. "ಆಕಿ ಹೊತ್ತು ಮೂಡಾಕೇ ಎಮ್ಮಿಗನೂರಿಗೆ ಹೋದ್ಲಲ್ರೀ ಸಾರ್. ಅಲ್ಲಿ ನಾಟಿ ಹಚ್ಯಾರ. ಗದ್ದಿ ಹೆಣ್ಮಕ್ಕಳು ಸೀರಿ ಮ್ಯಾಲೆ ಹಾಕ್ಕಳಾಕ ತುಂಬುತೋಳಿನ ಅಂಗಿ ಕೇಳ್ತಾರ. ಅಂಥವೆಲ್ಲಾ ಗಂಟು ಕಟಿಗೆಂಡು ಹೋದ್ಲು." ಹನ್ನೊಂದು ದಾಟಿತ್ತು. ಕಂಪ್ಲಿ ದಾರಿ ಹಿಡಿದು ಹೋದರೆ ಹನ್ನೆರಡಕ್ಕೆ ವಾಪಸು ಬರುವುದು ಕನಸಿನ ಮಾತು.

ತಿರುಗಿ ಬರುವ ದಾರಿಯಲ್ಲಿ ನನಗೊಂದು ಹೀನ ಯೋಚನೆ ಬಂತು. ನಾನು ಹೇಳಿದ ಸುಳ್ಳು ಈಗ ಸುಳ್ಳಲ್ಲ. ಅಂಗಿ ನಿಜವಾಗಿಯೂ ಹೋಗಿದೆ. ಕಾಲುವೆಯ ಬದಲು ಹುಲಿಗೆಮ್ಮ, ಅಷ್ಟೇ ವ್ಯತ್ಯಾಸ. ವಿಧಿಯೇ ಮುತುವರ್ಜಿಯಿಂದ ಸಾಕ್ಷ್ಯ ನಾಶಮಾಡಿರುವಾಗ, ಬಾಯಿಬಿಟ್ಟು ನೊಂದವನನ್ನು ಮತ್ತೆ ನೋಯಿಸಲು ನಾನ್ಯಾರು? ಛೀ, ಎಂಥ ದಯಾಳು ನಾನು!

ಎರ್ರಿಸ್ವಾಮಿ ಸರಿಯಾಗಿ ಹನ್ನೆರಡಕ್ಕೆ ಬಂದ. ಕೂದಲು ಬೆಳ್ಳಗಾಗಿತ್ತು, ಉಗುರಿನ ಸಂದಿಯಲ್ಲಿ ಸಂಡೂರಿನ ಕೆಂಪು ದೂಳು ಉಳಿದಿತ್ತು, ಕೈಯಲ್ಲಿ ಮಿರ್ಚಿಯ ಬಿಸಿ ಪೊಟ್ಟಣ. ಕ್ಯಾಸೆಟ್ಟು ಹಾಕಿದೆ. ಅವನು ಕುರ್ಚಿ ಎಳೆದು, ಎಡಗಿವಿಯನ್ನು ಸ್ಪೀಕರಿಗೆ ಆನಿಸಿ ಕಣ್ಣು ಮುಚ್ಚಿದ. ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು, ಹಾಡಿಗಿಂತ ಒಂದು ಕೂದಲೆಳೆ ಹಿಂದೆ. ಆ ಬೆರಳು ನೋಡುತ್ತ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಯಿ ತೆರೆದೆ. ಎಲ್ಲವನ್ನೂ ಹೇಳಿದೆ: ಅಂಗಿ, ಗ್ಯಾದರಿಂಗು, ಕಲ್ಲಿನ ಮೇಲಿನ ಅಳು, ಟ್ರಂಕು, ಹುಲಿಗೆಮ್ಮ. ಒಂದು ಪದ ತಪ್ಪಲಿಲ್ಲ, ಒಂದು ವಾಕ್ಯ ಎಡವಲಿಲ್ಲ. ಹೇಳಿ ಮುಗಿಸಿದಾಗ ಎದೆ ಹತ್ತಿಯಷ್ಟು ಹಗುರಾಯಿತು.

ಅವನು ಕಣ್ಣು ತೆರೆಯಲಿಲ್ಲ. ತಾಳ ತಪ್ಪಲಿಲ್ಲ. ನಾನು ಕೂತಿದ್ದು ಅವನ ಬಲಕ್ಕೆ.

ಗೊತ್ತಿದ್ದೇ ಕೂತೆನೋ, ಗೊತ್ತಿಲ್ಲದೆಯೋ? ನೀವು ಕೇಳಬೇಡಿ, ನಾನೂ ನನ್ನನ್ನು ಕೇಳಿಕೊಂಡಿಲ್ಲ. ಹೇಳಿದ್ದಂತೂ ಹೇಳಿದೆ, ಕೇಳಿಸದಿದ್ದರೆ ಅದು ಕ್ರಷರಿನ ತಪ್ಪು ಎಂದು ಮನಸ್ಸು ಆಗಲೇ ತೀರ್ಪು ಬರೆಯುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ನಾಗರತ್ನ ಒಳಬಂದಳು. ತಟ್ಟೆ ಕೆಳಗಿಟ್ಟು ಟೇಪು ಆರಿಸಿದಳು. ಆಕೆಯ ಮುಖ ನೋಡಿದರೆ ಎಲ್ಲ ಕೇಳಿಸಿಕೊಂಡಿದ್ದಳೆಂದು ಗೊತ್ತಾಗುತ್ತಿತ್ತು.

"ಎದ್ದು ಆ ಕಡಿ ಕುಂತು ಹೇಳ್ರಿ," ಅಂದಳು. "ಅಣ್ಣಾರಿಗೆ ಈ ಕಡಿ ಕೇಳಂಗಿಲ್ಲ."

ಎದ್ದೆ. ಎಡಕ್ಕೆ ಕೂತೆ. ವಾರವಿಡೀ ಇಸ್ತ್ರಿ ಮಾಡಿದ ಮಾತೆಲ್ಲ ಮುದ್ದೆಯಾಗಿ, ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: "ಎರ್ರೀ, ಆ ಅಂಗಿ ಕಾಲುವ್ಯಾಗ ಹೋಗಿರಲಿಲ್ಲೋ. ನಾನೇ ಇಟಗಂಡಿದ್ದೆ."

ಮಿರ್ಚಿ ಪೊಟ್ಟಣದ ಎಣ್ಣೆ ಟೀಪಾಯಿಯ ಮೇಲೆ ಹರಡುತ್ತಿತ್ತು, ಯಾರೂ ಅದನ್ನು ಮುಟ್ಟಲಿಲ್ಲ.

"ನಾ ಹುಡುಕೀನಲೇ," ಅಂದ ಎರ್ರಿಸ್ವಾಮಿ. ಮೊದಲ ಸಲ ಅವನ ದನಿ ಸಣ್ಣದಾಗಿತ್ತು. "ಕಾಲುವಿ ದಂಡಿ ಹಿಡದು ಎರಡು ದಿನ ನಡದೀನಿ. ಒಗ್ಯಾ ಕಲ್ಲು ಒಂದೂ ಬಿಟ್ಟಿಲ್ಲ. ಯಾರೋ ಕರಿ ಲಂಗ ಒಣಹಾಕಿದ್ರ ನಮ್ಮ ಅಂಗಿ ಅಂತ ಜಗ್ಗಾಕ ಹೋಗಿ ಬೈಸಿಕೆಂಡೀನಿ. ನನಗಂತ ಹುಡುಕಲಿಲ್ಲಲೇ. ನೀ ಹಂಗ ಅತ್ತಿದ್ದಿ. ಸಿಕ್ರ ತಂದು ನಿನಗ ಕೊಡಬೇಕಂತ."

ನಾನು ತಲೆ ಎತ್ತಲಿಲ್ಲ. ಇಪ್ಪತ್ತೈದು ವರ್ಷ ನಾನು ಕಾಪಾಡಿದ್ದು ಒಂದು ತಂಡದ ನೆನಪನ್ನು ಎಂದುಕೊಂಡಿದ್ದೆ. ನನ್ನ ಅಳುವನ್ನು ನಂಬಿ ಎರಡು ದಿನ ಬಿಸಿಲಲ್ಲಿ ನಡೆದವನು ನನ್ನ ಸಂಗ್ರಹದಲ್ಲಿ ಎಲ್ಲೂ ಇರಲಿಲ್ಲ. ನನಗೆ ಅಳು ಬಂತು. ಈ ಸಲ ಚೆನ್ನಾಗೇನೂ ಬರಲಿಲ್ಲ, ಮೂಗು ಸೋರಿ ಅಸಹ್ಯವಾಗಿತ್ತು.

"ಈಗೆಲ್ಲೈತಿ?" ಅಂದ.

"ಎಮ್ಮಿಗನೂರು."

"ಗಾಡಿ ತಗಿ."

ಹಿಂದಿನ ಸೀಟಿನಲ್ಲಿ ಅವನನ್ನು ಕೂರಿಸಿಕೊಂಡು ಹೊರಟೆ. ಕಂಪ್ಲಿ ದಾಟಿ ಎಮ್ಮಿಗನೂರಿನ ಹತ್ತಿರ ಬಂದಾಗ ಎರಡೂ ಕಡೆ ನೀರು ನಿಲ್ಲಿಸಿದ ಗದ್ದೆಗಳು, ಸಾಲಾಗಿ ಬಗ್ಗಿದ ಹೆಣ್ಣುಮಕ್ಕಳು, ಎಲ್ಲರ ಸೀರೆಯ ಮೇಲೂ ಗಂಡಸರ ಅಂಗಿ. ಮೂರನೆಯ ಗದ್ದೆಯಲ್ಲಿ ಎರ್ರಿಸ್ವಾಮಿ ನನ್ನ ಭುಜ ಹಿಡಿದ. ಸಾಲಿನ ಕೊನೆಯವಳ ಕರಿಯ ಬೆನ್ನು. ಕೆಸರು ಸಿಡಿದಿತ್ತು, ಆದರೂ ಊರುಗಳ ಪಟ್ಟಿ ಕಾಣುತ್ತಿತ್ತು.

ಬದುವಿನ ಮೇಲೆ ನಿಂತು ಅವನು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದ, ಮೇಲಿನಿಂದ ಕೆಳಕ್ಕೆ. ಹೆಣ್ಣುಮಕ್ಕಳೆಲ್ಲ ಸೊಂಟ ನೆಟ್ಟಗೆ ಮಾಡಿ ನಕ್ಕರು. ಅಂಗಿ ತೊಟ್ಟವಳು ನಗಲಿಲ್ಲ. "ಯಾಕ್ರೀ ಅಣ್ಣಾ, ಇದು ನಿಮ್ದೇನು? ಬೇಕಾದ್ರ ಕೊಡ್ತೀನಿ ತಗ. ಬಿಸಲಿಗೆ ರಟ್ಟಿ ಸುಡತಾವಂತ ಹಾಕ್ಕಂಡಿದ್ದೆ," ಎಂದು ತೋಳು ಮೇಲೇರಿಸಿದಳು. ಹಿಂದೆಂದೋ ಕಬ್ಬಿನ ಗರಿ ಕೊಯ್ದ ಗೀರುಗಳು ಮೊಣಕೈವರೆಗೂ ಇದ್ದವು.

ಎರ್ರಿಸ್ವಾಮಿಗೆ ಎಷ್ಟು ಕೇಳಿಸಿತೋ, ತೋಳು ಕಂಡಿತು. "ಬ್ಯಾಡವ್ವ," ಅಂದ. "ಹಾಕ್ಕಾ. ಅದಕ್ಕೂ ಒಂದು ಮೈ ಬೇಕಾಗಿತ್ತು."

ಹೊರಟೆವು. ಅರ್ಧ ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಗಾಡಿ ಓಡಿಸುತ್ತಲೇ, ಸಿಟ್ಟು ಹೋಯಿತೇನೋ ಎಂದು ಗಾಳಿಗೆ ಕೇಳಿದೆ. ಅವನಿಗೆ ಕೇಳಿಸಿರಲಾರದು. ಗಾಡಿ ನಿಲ್ಲಿಸಿ, ಇಳಿದು, ಸುತ್ತಿ ಬಂದು ಅವನ ಎಡಕ್ಕೆ ನಿಂತು ಮತ್ತೆ ಕೇಳಿದೆ.

"ಇಲ್ಲ," ಅಂದ ಅವನು, ನನ್ನನ್ನೇ ನೋಡುತ್ತ. "ಹೋಗಿಲ್ಲ." ಆಮೇಲೆ ಸೀಟಿನ ಮೇಲೆ ಸರಿದು ಕೂತು, ಬೈಯುವಷ್ಟು ಗಟ್ಟಿಯಾಗಿ ಹೇಳಿದ: "ಬರೂ ಐತಾರ ಬರ್ತೀನಿ. ಕ್ಯಾಸೆಟ್ ಅರ್ಧಕ್ಕ ಬಂದ್ ಆಗೈತಿ."