ಬರಿಹೊಟ್ಟೆಯ ಗುಳಿಗೆ

ಶಂಕರಪುರದ ಕಟ್ಟೆಯಲ್ಲಿ ಮಲ್ಲಿಗೆ ಖರೀದಿಸುತ್ತಿದ್ದ ದೇಜಪ್ಪ ಯಾರ ಚೆಂಡು ಬಂದರೂ ಎತ್ತಿ ತಿರುಗಿಸಿ ನೋಡದೆ ಬಿಡುತ್ತಿರಲಿಲ್ಲ. ಊರವರು ಗೌರವದಿಂದ 'ಬಾಯಿ' ಎಂದು ಕರೆಯುತ್ತಿದ್ದ ಜೆರ್ಟ್ರೂಡಳದಾದರೆ ಮಾತ್ರ ನೇರ ಬುಟ್ಟಿಗೆ. ಎಂಟುನೂರು ಮೊಗ್ಗು ಬಾಳೆನಾರಿನಲ್ಲಿ ಒತ್ತೊತ್ತಾಗಿ ಕೂತರೆ ಒಂದು ಚೆಂಡು. ಬಾಯಿಯ ಚೆಂಡಿನಲ್ಲಿ ಒಂದು ಮೊಗ್ಗು ಹೆಚ್ಚಿದ್ದೀತು, ಕಡಿಮೆ ಇರಲಾರದು. ಅವಳ ಗಂಟೇ ಬೇರೆ. ಎರಡು ಸುತ್ತು ಹಾಕಿ ನಾರನ್ನು ಒಳಗಿನಿಂದ ಎಳೆಯುವ ಆ ಗಂಟು ಉಡುಪಿಯ ಹೂವಿನಂಗಡಿ ತಲುಪಿದ ಮೇಲೂ ಗುರುತು ಸಿಗುತ್ತಿತ್ತಂತೆ. ಹೀಗೆಂದು ದೇಜಪ್ಪ ಹೇಳಿದ್ದೋ ಅವಳೇ ಹೇಳಿಕೊಂಡದ್ದೋ, ಅಂತೂ ಊರು ನಂಬಿತ್ತು.

ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೈದುನ ಡೆನಿಸನ ಮನೆಯಲ್ಲಿ ಅವಳದು ಎಂದು ಹೇಳಿಕೊಳ್ಳುವುದಕ್ಕೆ ಇದ್ದದ್ದು ಹತ್ತು ಬೆರಳು ಮಾತ್ರ. ಅವು ಓಡುವವರೆಗೆ ಆ ಮನೆಯ ಚಾವಡಿಯಲ್ಲಿ ಅವಳು ತಲೆಯೆತ್ತಿ ಕೂರಬಹುದು. ಅವು ನಿಂತರೆ ಮೂಲೆ ಹಿಡಿದ ವಿಧವೆ, ಅಷ್ಟೆ. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಅಂಥ ಮನೆಗೆ ಅರುವತ್ತೆಂಟನೇ ಇಸವಿಯಲ್ಲಿ ಬೆಳ್ಮಣ್ಣಿನಿಂದ ಡೆನಿಸನ ಹೆಂಡತಿಯಾಗಿ ಬಂದವಳು ಡುಲ್ಸಿನ್. ಗದ್ದೆ, ಅಡಿಕೆ ನೋಡಿ ಬೆಳೆದವಳಿಗೆ ಮಲ್ಲಿಗೆ ಕಟ್ಟುವುದು ಎಲ್ಲಿ ಗೊತ್ತು? ನಾರು ನೆನೆಸುವುದರಿಂದ ಹಿಡಿದು ಗಂಟು ಬಿಗಿಯುವವರೆಗೆ ಎಲ್ಲವನ್ನೂ ಕಲಿಸಿದವಳು ಜೆರ್ಟ್ರೂಡ್. ಕಲಿಸಿದ್ದೇ ತಪ್ಪಾಯಿತು. ಎರಡೇ ವರ್ಷದಲ್ಲಿ ಈ ಓರಗಿತ್ತಿ ಅವಳಿಗಿಂತ ಅರ್ಧ ಗಂಟೆ ಮೊದಲು ಚೆಂಡು ಮುಗಿಸಿ, ಸೆರಗು ಕೊಡವಿಕೊಂಡು ಏಳತೊಡಗಿದಳು. ಎದ್ದವಳು ಸುಮ್ಮನೆ ಹೋಗಬಾರದೇ? "ಅಕ್ಕ, ನಿಮ್ಮದು ಸ್ವಲ್ಪ ನಾನು ಕಟ್ಟಲಾ?" ಎಂದು ಬೇರೆ ಕೇಳುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಜೆರ್ಟ್ರೂಡಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಎಪ್ಪತ್ತೆಂಟರ ಮಳೆಗಾಲದಲ್ಲಿ ಅವಳ ಬೆರಳಿನ ಗಂಟುಗಳು ಊದಿಕೊಂಡವು. ಬೆಳಿಗ್ಗೆ ಮುಷ್ಟಿ ಮಡಚಲು ಬರುತ್ತಿರಲಿಲ್ಲ. ಅನ್ನದ ತಿಳಿ ಬಸಿದ ಬಿಸಿಪಾತ್ರೆಗೆ ಅಂಗೈ ಒತ್ತಿ, ಯಾರೂ ನೋಡದ ಹಾಗೆ ಬೆರಳು ಬಿಡಿಸಿಕೊಂಡು ಹೂವಿಗೆ ಕೂರುತ್ತಿದ್ದಳು. ಮಲ್ಲಿಗೆ ಯಾರ ನೋವಿಗೂ ಕಾಯುವುದಿಲ್ಲ, ಹೊತ್ತೇರಿದರೆ ಅರಳಿಬಿಡುತ್ತದೆ. ಒಂದು ದಿನ ದೇಜಪ್ಪ ಅವಳ ಚೆಂಡನ್ನೂ ಎತ್ತಿ ತಿರುಗಿಸಿ ನೋಡಿದ.

"ಎಂತ ಬಾಯಿ, ಇವತ್ತು ಸ್ವಲ್ಪ ಸಡಿಲ ಉಂಟಲ್ಲ?"

ಪಕ್ಕದಲ್ಲೇ ಡುಲ್ಸಿನಳ ಚೆಂಡು ನೇರ ಬುಟ್ಟಿಗೆ ಬಿತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಜೆರ್ಟ್ರೂಡ್ ನೋಡಿದ್ದು ಮುಂದೆ ನಡೆಯುತ್ತಿದ್ದ ಡುಲ್ಸಿನಳ ಕೈಗಳನ್ನು. ಆ ಕೈಗಳಿಗೆ ಏನಾದರೂ ಆಗಬಾರದೇ ಎಂದು ಮನಸ್ಸಿನಲ್ಲಿ ಹೇಳಿಕೊಂಡಳು. ಹೇಳಿ, ಕೂಡಲೇ ಶಿಲುಬೆಯ ಗುರುತು ಹಾಕಿಕೊಂಡಳು.

ಮರುವರ್ಷ ಕರೆಜ್ಮ ಬಂತು, ಈಸ್ಟರಿನ ಹಿಂದಿನ ನಲವತ್ತು ದಿನಗಳ ವ್ರತ. ಅದರ ಮೊದಲ ದಿನವೇ ಮನೆಯ ದೇವರ ಪೀಠ ಒರೆಸುವಾಗ ಸಂತ ಅಂತೋನಿಯ ಪಟದ ಹಿಂದೆ ಅವಳಿಗೊಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಗುಲಾಬಿ ಬಣ್ಣದ ಗುಳಿಗೆಗಳು, ಮುಚ್ಚಳದ ಮೇಲೆ ಡೆನಿಸನ ಕೈಬರಹದಲ್ಲಿ 'ಡುಲ್ಸಿನ್, ಗಂಟುನೋವಿಗೆ'. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋನಿ ತನಗೆ ಕೊಟ್ಟದ್ದು ಇದನ್ನು! ಡೆನಿಸ್ ತಿಂಗಳಿಗೊಮ್ಮೆ ಹೆಂಡತಿಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಅವಳಿಗೂ ಗಂಟುನೋವು. ಬಾವು ಇಳಿಸುವ ಗುಳಿಗೆ ನುಂಗಿ ಓಡಿಸುತ್ತಿದ್ದ ಬೆರಳುಗಳು ಅವು! "ಕೈಚಳಕವಂತೆ, ಕೈಚಳಕ!" ಎಂದು ಜೆರ್ಟ್ರೂಡ್ ಪಟದ ಮುಂದೆ ನಿಂತು ನಕ್ಕಳು. ಎಷ್ಟೋ ವರ್ಷಗಳಿಂದ ಅವಳು ಅಷ್ಟು ಸಂತೋಷಪಟ್ಟಿರಲಿಲ್ಲ.

ಒಂದು ಗುಳಿಗೆ ಸೆರಗಿನ ತುದಿಗೆ ಬಂತು.

ಕರೆಜ್ಮದಲ್ಲಿ ಅವಳು ದಿನಾ ಬೆಳಿಗ್ಗೆ ಇಗರ್ಜಿಗೆ ಹೋಗಿ ಪರಮಪ್ರಸಾದ ಸ್ವೀಕರಿಸುವವಳು. ಪ್ರಸಾದಕ್ಕೆ ಒಂದು ಗಂಟೆಯ ಉಪವಾಸ ಸಾಕೆಂದು ಹೊಸ ಪಾದ್ರಿಗಳು ಎಷ್ಟು ಹೇಳಿದರೂ ಅವಳು ಹಳೆಯ ಪದ್ಧತಿ ಬಿಟ್ಟಿರಲಿಲ್ಲ. ರಾತ್ರಿ ಉಂಡರೆ ಮತ್ತೆ ಪೂಜೆ ಮುಗಿಯುವ ತನಕ ತುತ್ತು ಮುಟ್ಟುತ್ತಿರಲಿಲ್ಲ. ನೀರಿಗೆ, ಮದ್ದಿಗೆ ದೋಷವಿಲ್ಲವೆಂದು ಹಳೆಯ ಪಾದ್ರಿಗಳೇ ಹೇಳಿದ್ದರು. ಸರಿ, ಮದ್ದು ನಡೆಯುತ್ತದೆ, ಗಂಜಿ ನಡೆಯುವುದಿಲ್ಲ. ಬೆಳಗಿನ ಐದಕ್ಕೆ ಬರಿಹೊಟ್ಟೆಗೆ ಗುಳಿಗೆ ನುಂಗಿ, ಮೇಲೊಂದು ಲೋಟ ನೀರು ಕುಡಿದು, ತಲೆಗೆ ಮುಸುಕು ಹಾಕಿಕೊಂಡು ಹೊರಟಳು.

ನಾಲ್ಕನೆಯ ದಿನ ಮುಷ್ಟಿ ಮಡಚಲು ಬಂತು. ಎರಡನೆಯ ವಾರ ದೇಜಪ್ಪ ಮತ್ತೆ ನೋಡದೆಯೇ ಬುಟ್ಟಿಗೆ ಹಾಕಿದ. "ಬಾಯಿಯ ಕೈ ಪುನಃ ಬಂತು ಮಾರಾಯ್ರೆ!" ಎಂದು ಕಟ್ಟೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದ. ಇತ್ತ ಡುಲ್ಸಿನಳ ಕೈ ನಿಧಾನವಾಗುತ್ತಾ ಬಂತು. ನಾರು ಎಳೆಯುವಾಗ ಅವಳು ತುಟಿ ಕಚ್ಚುವುದನ್ನು ಜೆರ್ಟ್ರೂಡ್ ಕಣ್ಣಾರೆ ಕಂಡಳು, ಕಂಡು ಒಳಗೊಳಗೇ ಹಿಗ್ಗಿದಳು. ಒಂದು ಗುಳಿಗೆ ಎರಡಾಯಿತು. ಡಬ್ಬಿ ಎಂದೂ ಖಾಲಿಯಾಗಲಿಲ್ಲ. ತಾನು ತೆಗೆಯುವುದು ಯಾರಿಗೂ ಗೊತ್ತಾಗಿಲ್ಲವೆಂದೇ ಅವಳು ತಿಳಿದಿದ್ದಳು.

ಒಂದು ವಿಷಯ ಮಾತ್ರ ಅವಳನ್ನು ಕೆರಳಿಸುತ್ತಿತ್ತು. ದಿನಾ ಐದು ಗಂಟೆಗೆ ಅವಳು ಅಡುಗೆಕೋಣೆಗೆ ಬಂದರೆ ಅಲ್ಲಿ ಬಿಸಿ ಗಂಜಿ ಬಡಿಸಿದ ಬಟ್ಟಲು ಇರುತ್ತಿತ್ತು. ಪಕ್ಕದಲ್ಲಿ ಡುಲ್ಸಿನ್.

"ಎರಡು ಚಮಚ ಉಂಡು ಹೋಗಿ ಅಕ್ಕ. ಇಗರ್ಜಿಗೆ ಇನ್ನೂ ಹೊತ್ತುಂಟು."

"ನನ್ನ ಉಪವಾಸ ಮುರಿಸಲಿಕ್ಕೆ ನಿನಗೆ ಎಂತ ಹಟ? ಕೈಯಲ್ಲಿ ಆಗಲಿಲ್ಲ, ಈಗ ಭಕ್ತಿಯಲ್ಲಿ ಸೋಲಿಸುತ್ತೀಯಾ?"

ಡುಲ್ಸಿನ್ ಬಟ್ಟಲು ಎತ್ತಿಕೊಂಡು ಹೋದಳು. ಮರುದಿನ ಮತ್ತೆ ಇಟ್ಟಳು. ಹೊಟ್ಟೆಯಲ್ಲಿ ಕೆಂಡ ಇಟ್ಟ ಹಾಗೆ ಆಗತೊಡಗಿದರೂ ಜೆರ್ಟ್ರೂಡ್ ಅದನ್ನು ತಪಸ್ಸಿನ ಲೆಕ್ಕಕ್ಕೆ ಹಾಕಿ ನಡೆದಳು.

ಈಸ್ಟರಿಗೆ ವಾರವಿರುವಾಗ ಬರುವ ಗರಿಗಳ ಆದಿತ್ಯವಾರ ಕಳೆದು ಮಂಗಳವಾರ, ಚೆಂಡು ಅರ್ಧವಾಗಿದ್ದಾಗ, ಅವಳು ಬಿಳಿ ಮೊಗ್ಗಿನ ರಾಶಿಯ ಮೇಲೆಯೇ ಕಾಫಿ ಗಸಿಯಂಥ ಕಪ್ಪು ವಾಂತಿ ಮಾಡಿ ಒರಗಿದಳು. ಡೆನಿಸ್ ಬಾಡಿಗೆ ಕಾರು ತಂದ. ಮಣಿಪಾಲದ ಆಸ್ಪತ್ರೆಯಲ್ಲಿ ಡುಲ್ಸಿನಳ ಕೈ ನೋಡುತ್ತಿದ್ದ ಡಾಕ್ಟರೇ ಬಂದರು.

"ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗ್ತಾ ಉಂಟು. ಯಾವುದಾದರೂ ಗುಳಿಗೆ ತೆಗೆದುಕೊಳ್ತಿದ್ದೀರಾ?"

ಜೆರ್ಟ್ರೂಡ್ ಕಣ್ಣು ಮುಚ್ಚಿಕೊಂಡಳು. ಸತ್ತರೂ ಸರಿ, ಇವಳ ಮುಂದೆ ಹೇಳಲಾರೆ. ಆಗ ತಗಡಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಇದು ಡಾಕ್ಟ್ರೇ," ಎಂದಳು ಡುಲ್ಸಿನ್. "ಬೆಳಿಗ್ಗೆ ಐದಕ್ಕೆ, ಬರಿಹೊಟ್ಟೆಗೆ. ಮೊದಲು ಒಂದು, ಆಮೇಲೆ ಎರಡು."

"ಊಟದ ನಂತರ ಮಾತ್ರ ಅಂತ ನಿಮಗೆ ನಾನೇ ಹೇಳಿದ್ದಲ್ವಾ? ಗೊತ್ತಿದ್ದೂ ಸುಮ್ಮನಿದ್ದಿರಾ?"

"ಗಂಜಿ ಇಟ್ಟೆ ಡಾಕ್ಟ್ರೇ, ದಿನಾ ಇಟ್ಟೆ. ಬಾಯಿಬಿಟ್ಟು ಹೇಳಿದರೆ ಅಕ್ಕ ಕದ್ದದ್ದು ಅಂತ ಆಗ್ತದಲ್ಲ. ಮತ್ತೆ ಅವರು ಮನೆಯಲ್ಲಿ ಹೇಗೆ ತಲೆಯೆತ್ತಿ ಕೂತುಕೊಳ್ಳುವುದು? ನನ್ನ ಪಾಲಿನದ್ದನ್ನೇ ತುಂಬಿಸಿಟ್ಟೆ. ಇಷ್ಟಾಗ್ತದೆ ಅಂತ ಗೊತ್ತಿರಲಿಲ್ಲ."

ಜೆರ್ಟ್ರೂಡ್ ಕಣ್ಣು ತೆರೆದಳು. ಡಬ್ಬಿ ಹಿಡಿದಿದ್ದ ಡುಲ್ಸಿನಳ ಬೆರಳುಗಳು ಹಸಿ ಶುಂಠಿಯ ಹಾಗೆ ಊದಿದ್ದವು. ನಾಚಿಕೆಯಾಯಿತು, ಅಳು ಬಂತು. ಅವುಗಳ ಜೊತೆಗೇ ಹಳೆಯ ಉರಿಯೂ ಎದ್ದಿತು. ಒಳ್ಳೆಯತನದಲ್ಲೂ ಇವಳೇ ಮುಂದಾಗಬೇಕೇ ದೇವರೇ?

ಡಾಕ್ಟರು ಚೀಟಿ ತೆಗೆದು ಬಗ್ಗಿ ಕೇಳಿದರು, "ಬಾಯಿ, ಈ ಹೊಟ್ಟೆ ಉರಿ ಯಾವಾಗಿನಿಂದ ಉಂಟು?"

"ಹನ್ನೊಂದು ವರ್ಷ," ಎಂದಳು ಜೆರ್ಟ್ರೂಡ್. "ಇವಳು ಮದುವೆಯಾಗಿ ಬಂದ ದಿನದಿಂದ."

ಡಾಕ್ಟರು ಹನ್ನೊಂದು ಎಂದು ಬರೆದೂಬಿಟ್ಟಿದ್ದರು. ಡುಲ್ಸಿನ್ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಮತ್ತೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ಗುಳಿಗೆಯನ್ನು ಜೀವಮಾನವಿಡೀ ಮುಟ್ಟಬಾರದೆಂದು ಜೆರ್ಟ್ರೂಡಳಿಗೆ ಕಟ್ಟುನಿಟ್ಟಾಯಿತು. ಬೆರಳು ಮಡಚಲು ಮತ್ತೆ ಬರಲಿಲ್ಲ. ಮೊಗ್ಗು ಆರಿಸುವುದು, ನಾರು ಸೀಳುವುದು, ಅಷ್ಟೇ ಅವಳ ಕೆಲಸವಾಯಿತು. ಕದ್ದದ್ದನ್ನು ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳಿದಳು. ಹೊಟ್ಟೆಕಿಚ್ಚನ್ನು ಹೇಳಲಿಲ್ಲ, ಅದಿನ್ನೂ ಮುಗಿದಿರಲಿಲ್ಲ. ಆದರೆ ಮಧ್ಯಾಹ್ನ ಡುಲ್ಸಿನಳ ಮುಂದೆ ಕೂತು, ಅವಳು ಉಂಡು ಮುಗಿಸಿದ್ದನ್ನು ನೋಡಿದ ಮೇಲೆಯೇ ಡಬ್ಬಿಯಿಂದ ಗುಳಿಗೆ ತೆಗೆದುಕೊಡುವುದು ಅವಳ ಪದ್ಧತಿಯಾಯಿತು. ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಎಂಬತ್ತಾರರಲ್ಲಿ ಒಂದು ದಿನ ಅವಳು ಬಹಳ ಕಾಲದ ಮೇಲೆ ಕಟ್ಟೆಗೆ ಹೋದಳು. ದೇಜಪ್ಪ ಬುಟ್ಟಿಯಿಂದ ಒಂದು ಚೆಂಡು ಎತ್ತಿ ತೋರಿಸಿದ. "ಎಂತ ಬಾಯಿ, ಈಗಲೂ ದಿನಕ್ಕೊಂದು ಕಟ್ಟಿ ಓರಗಿತ್ತಿಯ ಕೈಯಲ್ಲಿ ಕಳಿಸ್ತೀರಲ್ಲ! ಇದನ್ನು ಮಾತ್ರ ನಾನು ನೋಡುವುದೇ ಇಲ್ಲ."

ಎರಡು ಸುತ್ತು, ಒಳಗಿನಿಂದ ಎಳೆತ. ಅವಳದೇ ಗಂಟು. ಅವಳು ಕಟ್ಟಿದ್ದಲ್ಲ. ಪಕ್ಕದಲ್ಲಿ ಡುಲ್ಸಿನ್ ತಲೆ ತಗ್ಗಿಸಿ ನಿಂತಿದ್ದಳು. ಜೆರ್ಟ್ರೂಡ್ ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು; ತಾನು ಕೈಗಟ್ಟಿ ಇದ್ದಾಗಲೂ ಇಷ್ಟು ಚೆನ್ನಾಗಿ ಕಟ್ಟಿರಲಿಲ್ಲ.

"ಹೌದು, ನನ್ನದೇ," ಎಂದಳು ದೇಜಪ್ಪನಿಗೆ. ಮನೆಗೆ ಬಂದು, ಹೊಟ್ಟೆ ಉರಿದುಕೊಳ್ಳುತ್ತಲೇ, ಡುಲ್ಸಿನಳಿಗೆ ಗಂಜಿ ಬಡಿಸಿದಳು.